ಕಾಜಾ ಕತ್ತರಿಸದ ಕೋಟು

ಗುಂಡಿ ತೂರಿಸುವ ಮೂರನೆಯ ಕಾಜಾಕ್ಕೆ ಕತ್ತರಿ ಇಡುವ ಹೊತ್ತಿಗೆ ತಮ್ಮನಿಗೆ ಕೆಮ್ಮು ಬಂತು. ಕೋಟನ್ನು ದೂರ ಸರಿಸಿ, ಮುಖ ತಿರುಗಿಸಿ, ಕೆಮ್ಮಿ ಮುಗಿಸಿದ. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಣ್ಣನ ದೇಹ ಈ ಕೋಟಿಗಾಗಿ ಕಾದಿತ್ತು.

"ಗಾಡಿ ಹನ್ನೊಂದಕ್ಕಂತೆ," ಎಂದ ಇಸ್ತ್ರಿಯವನು, ಪ್ಯಾಂಟಿನ ಗೆರೆ ತೀಡುತ್ತ. ಇಪ್ಪತ್ತು ವರ್ಷದಿಂದ ಈ ಅಣ್ಣತಮ್ಮಂದಿರ ಟೈಲರ್ ಅಂಗಡಿಯ ಮೂಲೆಯಲ್ಲೇ ಅವನ ಮೇಜು. "ಏನೇ ಹೇಳಿ ಚಿಕ್ಕ ಟೈಲರೇ, ನಿಮ್ಮಣ್ಣ ಮಾತಿಗೆ ತಪ್ಪಲಿಲ್ಲ. ಸೋಮವಾರ ಸೋಮವಾರ ಅಂತಿದ್ದ, ಸೋಮವಾರವೇ ಹೊರಟ."

ಹಾಗೆಂದವನು ಕಣ್ಣೊರೆಸಿಕೊಂಡು, "ಹಾಳು ಹಬೆ," ಎಂದು ಇಸ್ತ್ರಿಪೆಟ್ಟಿಗೆಯನ್ನು ಬೈದ.

ಬರೋ ಸೋಮವಾರದಿಂದ ಸಿಗರೇಟು ಬಿಡ್ತೀನಿ, ಬರೋ ಸೋಮವಾರದಿಂದ ದಿನಾ ನಡೀತೀನಿ. ಹೇಳಿ ಹೇಳಿ ಅಣ್ಣನಿಗೆ ಬೀದಿಯಲ್ಲೆಲ್ಲ 'ಸೋಮವಾರ' ಎಂದೇ ಹೆಸರು ಬಿದ್ದಿತ್ತು.

*

ನಾಲ್ಕು ವರ್ಷದ ಹಿಂದೆ ಅಣ್ಣ ಈ ಕೋಟನ್ನು ತನಗಾಗಿಯೇ ಹೊಲಿದಿದ್ದ, ಸೊಂಟ ಇದ್ದದ್ದಕ್ಕಿಂತ ಆರು ಇಂಚು ಕಡಿಮೆ ಇಟ್ಟು.

"ಇದು ಮೈಗೆ ಕೂತ ದಿನ ಆ ಗುಡ್ಡ ಹತ್ತೇ ಹತ್ತುತೀನಿ," ಎಂದು ಕಿಟಕಿಯಾಚೆ ಬೆರಳು ತೋರಿಸಿದ್ದ. ಹುಟ್ಟಿದಾಗಿನಿಂದ ನೋಡುತ್ತಿದ್ದ ಗುಡ್ಡ. ಒಮ್ಮೆಯೂ ಹತ್ತಿರಲಿಲ್ಲ.

"ಗುಡ್ಡ ಎಲ್ಲಿಗೂ ಓಡಿಹೋಗಲ್ಲ, ಬಿಡಣ್ಣ," ಎಂದು ತಮ್ಮ ಸಿಗರೇಟು ಹಚ್ಚಿಕೊಟ್ಟಿದ್ದ.

ಕಾಜಾ ಮಾತ್ರ ಕತ್ತರಿಸದೆ ಬಿಟ್ಟಿದ್ದ ಅಣ್ಣ. ಮೈಗೆ ಹಾಕಿ ನೋಡದೆ ಕಾಜಾ ಕತ್ತರಿಸಬಾರದು, ಹೊಲಿಗೆ ತಪ್ಪಿದರೆ ಬಿಚ್ಚಬಹುದು, ಕತ್ತರಿಸಿದ್ದನ್ನು ಕೂಡಿಸುವುದಕ್ಕಾಗುತ್ತದೆಯೇ? ತಮ್ಮನಿಗೂ ಅವನೇ ಕಲಿಸಿದ ಪಾಠ ಅದು.

ಕಳೆದ ವರ್ಷ ಹೊಟ್ಟೆ ತಾನಾಗಿಯೇ ಇಳಿಯತೊಡಗಿತು. ಅಣ್ಣ ಹಿಗ್ಗಿ ಹೀರೇಕಾಯಿಯಾದ. ಪ್ರತಿ ಶನಿವಾರ ತಮ್ಮನೆದುರು ಕೈಯೆತ್ತಿ ನಿಲ್ಲುವನು: "ಹಿಡಿಯೋ ಟೇಪು!"

"ಸೊಂಟ ಒಂದೂವರೆ ಇಂಚು ಇಳಿದಿದೆ."

"ನೋಡಿದ್ಯಾ? ನಡೆಯೋದಕ್ಕೆ ಮುಂಚೇನೇ ಹೀಗೆ. ಇನ್ನು ನಡೆದ್ರೆ ನಿನ್ನ ಕೈಗೆ ಸಿಗ್ತೀನಾ?" ಅಣ್ಣ ನಕ್ಕ. ನಗು ಕೆಮ್ಮಿಗೆ ತಿರುಗಿತು.

ಅಭ್ಯಾಸಬಲದಿಂದ ತಮ್ಮನ ಟೇಪು ಭುಜಕ್ಕೂ ಹೋಗಿತ್ತು. ಹತ್ತೊಂಬತ್ತು ಇದ್ದದ್ದು ಹದಿನೆಂಟೂವರೆಗೆ ಬಂದಿತ್ತು. ಬೊಜ್ಜು ಇಳಿಸಿಕೊಂಡ ಎಷ್ಟೋ ಗಿರಾಕಿಗಳನ್ನು ಅವನು ಅಳೆದಿದ್ದ. ಹೀಗೆ ಭುಜ ಇಳಿದದ್ದನ್ನು ಕಂಡದ್ದು ಒಬ್ಬನಲ್ಲಿ ಮಾತ್ರ. ಆ ಗಿರಾಕಿ ಹೊಲಿದಿಟ್ಟ ಬಟ್ಟೆ ಒಯ್ಯಲು ಬರಲೇ ಇಲ್ಲ.

"ಭುಜ?" ಕೇಳಿದ ಅಣ್ಣ.

"ಅಷ್ಟೇ ಇದೆ."

ಮುಂದಿನ ಶನಿವಾರವೂ ಅಷ್ಟೇ ಇದೆ ಎಂದ. ಆರು ತಿಂಗಳು ಅದನ್ನೇ ಹೇಳಿದ. ಡಾಕ್ಟರ ಹತ್ತಿರ ಹೋಗು ಎಂದಿದ್ದರೆ ಅಣ್ಣ ಅವನನ್ನೂ ಬಿಡುತ್ತಿರಲಿಲ್ಲ, ನೀನೂ ಬಾ ಎಂದು ಎಳೆದೊಯ್ಯುತ್ತಿದ್ದ. ಇಬ್ಬರೂ ಸೇದುತ್ತಿದ್ದದ್ದು ಒಂದೇ ಪ್ಯಾಕಿನಿಂದ.

*

ಕೋಟು ತೊಡಿಸಿ ಮೂರೂ ಗುಂಡಿ ಹಾಕಿದರು. ಸೊಂಟದಲ್ಲಿ ಇನ್ನೊಬ್ಬ ಹಿಡಿಸುವಷ್ಟು ಜಾಗ ಉಳಿಯಿತು. ಅತ್ತಿಗೆ ಭುಜದ ಬಳಿ ಜೋತ ಬಟ್ಟೆಯನ್ನು ಮಡಚಿ ಪಿನ್ನು ಚುಚ್ಚಲು ಹೋದಳು.

"ಭುಜ ಯಾಕೆ ಇಷ್ಟು ಅಗಲ ಇಟ್ರು ಇವರು? ಅಳತೆ ತಪ್ಪೋರೇ ಅಲ್ಲವಲ್ಲ."

"ತಪ್ಪಿಲ್ಲ ಅತ್ತಿಗೆ. ಭುಜ ಇಳೀತಾ ಇತ್ತು. ನನಗೆ ಗೊತ್ತಿತ್ತು. ನಾನೇ ಹೇಳಲಿಲ್ಲ."

ಪಿನ್ನು ಅವಳ ಕೈಯಲ್ಲೇ ಉಳಿಯಿತು.

"ಯಾಕೆ?"

"ಹೇಳಿದ್ರೆ ನಾನೂ ಸಿಗರೇಟು ಬಿಡಬೇಕಾಗ್ತಿತ್ತು."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಣ್ಣು ಅವನ ಅಂಗಿಯ ಮೇಲೆ ನಿಂತಿತು.

"ಇದು ಯಾರ ಅಂಗಿ?"

"ನಂದೇ. ಹೋದ ವರ್ಷ ಹೊಲಿದದ್ದು."

"ನಿಂದೇನಾ?"

ತಮ್ಮ ಬಗ್ಗಿ ನೋಡಿಕೊಂಡ. ಭುಜದ ಮೇಲಿರಬೇಕಾದ ಹೊಲಿಗೆ ತೋಳಿಗೆ ಜಾರಿತ್ತು.

ಇಬ್ಬರೂ ಅಂಗಡಿಗೆ ಬಂದರು. ಅವನು ಜೇಬಿನ ಪ್ಯಾಕು ತೆಗೆದು ಇಸ್ತ್ರಿಯವನ ಮೇಜಿನ ಮೇಲಿಟ್ಟ.

"ಸೋಮವಾರ ಅಲ್ವಾ ಇವತ್ತು?"

ಇಸ್ತ್ರಿಯವನು ತಲೆಯಾಡಿಸಿದ. ಈ ಸಲ ತಮಾಷೆ ಮಾಡಲಿಲ್ಲ.

ತಮ್ಮ ಕೊರಳಿನ ಟೇಪು ತೆಗೆದು ಅತ್ತಿಗೆಗೆ ಕೊಟ್ಟ. ಮೂವತ್ತು ವರ್ಷ ಈ ಅಂಗಡಿಗೆ ಗುಂಡಿ ಹೊಲಿದವಳು, ಅಳತೆ ಹಿಡಿಯುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ಇದ್ದದ್ದನ್ನ ಇದ್ದ ಹಾಗೆ ಹೇಳಿ," ಎಂದು ಅವಳಿಗೆ ಬೆನ್ನು ಮಾಡಿ, ಕಿಟಕಿಯತ್ತ ಮುಖ ಮಾಡಿ ನಿಂತ. ಆಚೆ ಗುಡ್ಡ ಇದ್ದಲ್ಲೇ ಇತ್ತು.

ಟೇಪಿನ ತಣ್ಣನೆಯ ತುದಿ ಎಡಭುಜದ ಮೂಳೆಗೆ ತಾಗಿತು. ಹೊರಗೆ ಗಾಡಿ ಬಂದು ನಿಂತ ಸದ್ದು.

"ಎಷ್ಟು, ಅತ್ತಿಗೆ?"

"ತಡಿ. ಇನ್ನೊಂದ್ಸಲ ನೋಡ್ತೀನಿ."

ಬಲಭುಜದ ಮೇಲೆ ಅವಳ ಹೆಬ್ಬೆರಳು ಒಂದೆಡೆ ಒತ್ತಿ ನಿಂತಿತು. ಆಮೇಲೆ ಮೆಲ್ಲಗೆ, ಅಳತೆ ಇಳಿಸುತ್ತ, ಕೊರಳಿನ ಕಡೆಗೆ ಸರಿಯಿತು.