ಗೂಡಿಗೆ ಎರಡು ಬಾಗಿಲು

ಆಸ್ಪತ್ರೆಯ ಹಾಸಿಗೆಯಿಂದ ನನ್ನ ತಮ್ಮ ಬುನ್‌ಹಿಯನ್ ಕೇಳಿದ್ದು ಒಂದೇ: ತನ್ನ ಪಾರಿವಾಳ ಸಮುದ್ರದಿಂದ ಮರಳಿದ್ದನ್ನು ಕಣ್ಣಾರೆ ನೋಡಬೇಕು.

ಆ ವಸಂತದ ಪಾರಿವಾಳ ಪಂದ್ಯದಲ್ಲಿ ಹಡಗು ನಮ್ಮೂರಾದ ಡೊಂಗ್‌ಗಾಂಗ್‌ನ ಹಕ್ಕಿಗಳನ್ನೆಲ್ಲ ನಡುಗಡಲಲ್ಲಿ ಬಿಟ್ಟು ಬಂದಿತ್ತು. ಅಲ್ಲಿಂದ ಅವು ಗಡುವಿನೊಳಗೆ ಮನೆಗೆ ಹಾರಿಬರಬೇಕು. ಹೋದಷ್ಟು ಮರಳುವುದಿಲ್ಲ, ನಮ್ಮೂರಿಗೆ ಅದು ಹೊಸದಲ್ಲ. ನನ್ನ ತಮ್ಮ ತಾರಸಿಯ ಗೂಡಿನಲ್ಲಿ ಕ್ಯಾಮೆರಾ ಇಟ್ಟು, ಹೊರಗೆಲ್ಲಿದ್ದರೂ ಫೋನಿನಲ್ಲಿ ನೋಡುವ ಏರ್ಪಾಡು ತಾನೇ ಮಾಡಿಕೊಂಡಿದ್ದ. ಇಂಟರ್ನೆಟ್ಟಿನವರು ಹೊಸ ರೌಟರ್ ಹಾಕಿಹೋದ ಮೇಲೆ ಅದು ನಿಂತುಹೋಗಿತ್ತು.

ನಾನು ಅವನ ಮನೆಯ ಕಂಪ್ಯೂಟರ್ ಮುಂದೆ ಕುಳಿತು ಫೋನ್ ಮಾಡಿದೆ.

"ಹಿಯನ್, ನಂಗೆ ಗೂಡು ಚೆನ್ನಾಗೇ ಕಾಣ್ತಿದೆಯಲ್ಲೋ."

"ಮನೆಯೊಳಗೆ ಕೂತ್ರೆ ಬೆಕ್ಕಿಗೂ ಕಾಣತ್ತೆ. ನಾನು ಹೊರಗಿದೀನಿ ಅಕ್ಕಾ. ಹೊರಗಿನಿಂದ ಬಂದು ತಟ್ಟಿದವರನ್ನ ಕ್ಯಾಮೆರಾ ಹತ್ರ ಕಳಿಸು ಅಂತ ರೌಟರಿಗೆ ಹೇಳಿರ್ಬೇಕು. ಆ ಸಾಲು ಇದೆಯಾ?"

"ಇದೆ. ನೀನು ಬರೆದದ್ದು ಹಾಗೇ ಇದೆ. ತಟ್ಟೋ ಬಾಗಿಲಿನ ಪೋರ್ಟ್ ನಂಬರೂ ಸರಿಯಾಗಿದೆ."

"ಸರಿಯಾಗಿ ನೋಡು. ಕಾಲೇಜ್ ಓದಿ ಟೀಚರಾದೋಳು, ನಾಲ್ಕಂಕಿ ಓದಕ್ಕೆ ಬರಲ್ವಾ?"

"ಬಾಯಿ ಮಾತ್ರ ಚೆನ್ನಾಗಿದೆ ನಿಂದು," ಎಂದೆ. ಅವನು ನಗಲು ಹೋಗಿ ಕೆಮ್ಮಿದ. ನರ್ಸ್ ಯೂ ನೀರು ಕುಡಿಸುವುದು ಕೇಳಿಸಿತು. ಅವಳ ಊಟದ ಹೊತ್ತು ಮೀರಿತ್ತು. ಆದರೂ ಅವನ ಕಿವಿಗೆ ಫೋನ್ ಹಿಡಿದು ನಿಂತೇ ಇದ್ದಳು.

ಉಸಿರು ಸುಧಾರಿಸಿಕೊಂಡು ತಮ್ಮ ಕೇಳಿದ: "ಹಳೇ ರೌಟರ್ ಡಬ್ಬಿ ತೆಗೆದ್ರು ತಾನೇ?"

"ಇಲ್ಲ. ಹೊಸದರ ಹಿಂದೆಯೇ ಅದೂ ಇದೆ. ಅದರ ಮೇಲೆ ನಿನ್ನ ಹಸಿರು ಪೊಟ್ಟಣ ಇತ್ತಲ್ಲ."

ಯಂತ್ರ ಹಟ ಮಾಡದೆ ಕೆಲಸ ಮಾಡಲಿ ಎಂದು ನಮ್ಮಲ್ಲಿ ಅದರ ಮೇಲೆ ಹಸಿರು ಪೊಟ್ಟಣದ ಕುರುಕಲು ತಿಂಡಿ ಇಡುತ್ತೇವೆ, ಇಟ್ಟದ್ದನ್ನು ಕದಲಿಸುವುದಿಲ್ಲ. ಬಂದ ಕೆಲಸಗಾರ ಅದನ್ನು ಕಂಡು ಕೈ ಹಿಂದೆಗೆದಿದ್ದ. ನಾನೂ "ಮುಟ್ಟಬೇಡಪ್ಪ" ಎಂದಿದ್ದೆ.

"ಅಯ್ಯೋ ಅಕ್ಕಾ! ಹಾಗಾದ್ರೆ ಬಾಗಿಲು ಎರಡಾಯ್ತು. ಒಳಗಿನ ಹಳೇದಕ್ಕೆ ಗೊತ್ತಿದೆ, ಹೊರಗಿನ ಹೊಸದಕ್ಕೆ ಯಾರೂ ಹೇಳೇ ಇಲ್ಲ. ತಟ್ಟಿದೋರು ಅಲ್ಲೇ ನಿಲ್ತಾರೆ."

ಹೊಸ ರೌಟರಿನ ಪುಟ ತೆರೆದೆ. ಅದೇ ಪೋರ್ಟಿಗೆ ಬಂದದ್ದನ್ನು ಹಳೆಯ ಡಬ್ಬಿಗೆ ಕಳಿಸು ಎಂಬ ಸಾಲನ್ನು ಅವನು ಹೇಳಿದಂತೆ ತುಂಬಿದೆ. 'ಉಳಿಸು' ಎಂಬುದನ್ನು ಒತ್ತುವುದಷ್ಟೇ ಉಳಿದಿತ್ತು. ಕ್ಯಾಮೆರಾದ ಚಿತ್ರ ಪಕ್ಕದಲ್ಲೇ ಇತ್ತು. ಗೂಡಿನಲ್ಲಿ ಅವನ ಆ ಹೆಣ್ಣು ಪಾರಿವಾಳದ ಜಾಗ ಖಾಲಿ.

ಪಂದ್ಯದ ಗಡುವು ಹಿಂದಿನ ದಿನವೇ ಮುಗಿದಿತ್ತು. ಅದನ್ನು ಅವನಿಗೆ ನಾವ್ಯಾರೂ ಹೇಳಿರಲಿಲ್ಲ.

"ತಡಿಯೋ, ಯಾರೋ ಬಾಗಿಲು ತಟ್ತಿದಾರೆ," ಎಂದು ಫೋನನ್ನು ಮೇಜಿನ ಮೇಲಿಟ್ಟೆ. ಗೋಡೆ ಹಿಡಿದು ತಾರಸಿಗೆ ಹತ್ತಿದೆ. ಅವಳ ಜೊತೆ ಹುಟ್ಟಿದ ಹಕ್ಕಿಯೊಂದಿತ್ತು, ಅದೇ ಬೂದಿನೀಲಿ ಬಣ್ಣ. ಅದನ್ನು ಅವಳ ಜಾಗದಲ್ಲಿ ಬಿಟ್ಟು, ನಿಲ್ಲಲೆಂದು ಮುಂದೆ ಕಾಳು ಚೆಲ್ಲಿದೆ. ಇಳಿದು ಬಂದು ಗುಂಡಿ ಒತ್ತಿದೆ.

"ಬಂತು! ಚಿತ್ರ ಬಂತು," ಎಂದಳು ಯೂ.

ಫೋನನ್ನು ಇನ್ನೂ ಹತ್ತಿರ ಹಿಡಿ ಎಂದು ತಮ್ಮ ಅವಳಿಗೆ ಹೇಳಿದ್ದು ಕೇಳಿಸಿತು.

"ಬಂದಳಾ," ಎಂದ. "ಸೊರಗಿದಾಳೆ. ಜೋಳ ಜಾಸ್ತಿ ಹಾಕು. ಅಕ್ಕಾ... ನೀನೂ ಊಟ ಮಾಡು."

ಆ ವಾರವೇ ಅವನು ಹೋದ.

ಅವನ ಬಟ್ಟೆಗಳನ್ನು ಯೂ ಒಗೆದು, ಮಡಿಚಿ, ತಾನೇ ತಂದುಕೊಟ್ಟಳು. ಚಹಾ ಕುಡಿದು ಹೊರಡುವಾಗ ಬಾಗಿಲಲ್ಲಿ ನಿಂತಳು.

"ಟೀಚರ್, ಅವತ್ತು ಫೋನ್ ಇಟ್ಟ ಮೇಲೆ ಅವರು ನಕ್ಕರು. 'ಇದು ನನ್ನ ಪಾರಿವಾಳ ಅಲ್ಲ, ಅವಳ ತಮ್ಮ, ಶುದ್ಧ ಸೋಮಾರಿ. ನಮ್ಮಕ್ಕ ಆ ನೋವಿನ ಮೊಣಕಾಲಲ್ಲಿ ಅಷ್ಟೂ ಮೆಟ್ಟಿಲು ಹತ್ತಿದಾಳೆ. ನೀನು ಬಾಯಿ ಬಿಡಬೇಡ' ಅಂದ್ರು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದ್ರು. ಈಗ ಹೇಳಬಹುದು ಅನ್ನಿಸ್ತು."

ಅವಳು ನನ್ನ ಕೈ ಹಿಡಿದು ಅದುಮಿ ಹೋದಳು.

ಸಮುದ್ರಕ್ಕೆ ಹೋದ ಹಕ್ಕಿ ಬರಲಿಲ್ಲ. ಆ ಪೋರ್ಟ್ ಇನ್ನೂ ತೆರೆದೇ ಇದೆ. ಮುಚ್ಚುವುದು ಹೇಗೆಂದು ಅವನು ನನಗೆ ಹೇಳಿಕೊಟ್ಟಿರಲಿಲ್ಲ.