ಸದ್ದು ಮಾಡದ ಸಿಂಕು

ಮೆಕ್ಯಾನಿಕ್ಕು ಚೀಲದಿಂದ ಮನೆಯ ಸ್ಟೀಲ್ ತಟ್ಟೆಯನ್ನು ತೆಗೆದು ಕಪ್ಪು ಗ್ರಾನೈಟ್ ಸಿಂಕಿನೊಳಕ್ಕೆ ಕೈಬಿಟ್ಟ. ಹತ್ತಿಮೂಟೆಯ ಮೇಲೆ ಬೆಕ್ಕು ಹಾರಿದಷ್ಟು ಸದ್ದಾಯಿತು. ಪಕ್ಕದ ಸ್ಟೀಲ್ ಸಿಂಕಿಗೆ ಅದೇ ತಟ್ಟೆ ಬಿದ್ದಾಗ ಮಾತ್ರ ಅಂಗಡಿಗೆ ಅಂಗಡಿಯೇ ತಿರುಗಿ ನೋಡಿತು. ನಲ್ಲಿ ನೋಡುತ್ತಿದ್ದ ಹೆಂಗಸೊಬ್ಬಳು ಎದೆ ಹಿಡಿದುಕೊಂಡಳು.

"ಅಂಕಲ್, ಧೈರ್ಯವಾಗಿರಿ, ಕಪ್ಪು ಸಿಂಕು ಒಡೆಯಲ್ಲ," ಎಂದಳು ಅಂಗಡಿಯ ಹುಡುಗಿ. "ಗ್ರಾನೈಟ್ ಪುಡಿಗೆ ಅಂಟು ಸೇರಿಸಿ ಎರಕ ಹುಯ್ದಿರೋದು. ಇದರ ದೊಡ್ಡ ಗುಣ ಅಂದ್ರೆ ಸದ್ದೇ ಇಲ್ಲ. ಒಳಗೆ ಪಾತ್ರೆ ತೊಳೀತಿದ್ರೆ ಹಾಲ್‌ನಲ್ಲಿ ಕೂತೋರಿಗೆ ಗೊತ್ತೇ ಆಗಲ್ಲ."

"ಅದೇ ಮತ್ತೆ," ಎಂದ ಅವನು, ಮುಖ ಚಿಕ್ಕದು ಮಾಡಿಕೊಂಡು.

ಅವನ ಕಸುಬೇ ಕಿವಿಯದು. ಗ್ಯಾರೇಜಿನೊಳಗೆ ಕಾರು ನುಗ್ಗುವಷ್ಟರಲ್ಲಿ ಬೇರಿಂಗ್ ಹೋಗಿದೆಯೋ ಬೆಲ್ಟ್ ಸಡಿಲವೋ ಹೇಳಿಬಿಡುತ್ತಿದ್ದ. ಬಾನೆಟ್ ಎತ್ತುವುದು ಗಿರಾಕಿಯ ಸಮಾಧಾನಕ್ಕೆ. ಸಂಸಾರವನ್ನೂ ಹಾಗೆಯೇ ನಡೆಸಿಕೊಂಡು ಬಂದಿದ್ದ. ಇಬ್ಬರೇ ಇರುವ ಮನೆ. ಹೆಂಡತಿ ಟೀಚರು; ದಿನವಿಡೀ ಶಾಲೆಯಲ್ಲಿ ಗಂಟಲು ಹರಿದುಕೊಂಡು ಬರುವವಳು ಮನೆಯಲ್ಲಿ ಕೋಪ ಬಂದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಅವಳ ಪರವಾಗಿ ಸಿಂಕು ಮಾತಾಡುತ್ತಿತ್ತು. ಚಮಚಗಳು ಒಂದೊಂದಾಗಿ ಬಿದ್ದರೆ ಶಾಲೆಯಲ್ಲೇನೋ ಕಿರಿಕಿರಿ, ತಾನು ತೆಪ್ಪಗಿರಬೇಕು. ಕುಕ್ಕರಿನ ಮುಚ್ಚಳ ಬಿದ್ದರೆ ತಪ್ಪು ತನ್ನದೇ. ಏನು ತಪ್ಪೆಂದು ಹುಡುಕುತ್ತ ಕೂರದೆ ಓಡಿಹೋಗಿ ಹಣ್ಣು ತರಬೇಕು. ನಲ್ಲಿ ಸುರಿಯುತ್ತಲೇ ಇದ್ದು ಪಾತ್ರೆ ಅಲುಗದಿದ್ದರೆ ಅವಳು ತೀರಿಹೋದ ಅಮ್ಮನನ್ನು ನೆನೆಯುತ್ತಿದ್ದಾಳೆ. ಆಗ ಅವನು ಎದ್ದುಹೋಗಿ ಸುಮ್ಮನೆ ಟೀಗೆ ನೀರಿಡುತ್ತಿದ್ದ. ಏನಾಯಿತು ಎಂದು ಬಾಯಿಬಿಟ್ಟು ಕೇಳುವ ಪ್ರಮೇಯ ಮದುವೆಯಾದಾಗಿನಿಂದ ಬಂದಿರಲಿಲ್ಲ. ಈಗ ಅಡುಗೆಮನೆ ಹೊಸದು ಮಾಡಿಸುವ ನೆಪದಲ್ಲಿ ಆ ವ್ಯವಸ್ಥೆಯ ಬುಡಕ್ಕೇ ಕೊಡಲಿ ಬೀಳುವುದರಲ್ಲಿತ್ತು.

"ಸ್ಟೀಲೇ ತಗೊಳ್ಳೋಣ ಕಣೇ," ಎಂದ ಪಕ್ಕದಲ್ಲೇ ನಿಂತಿದ್ದ ಹೆಂಡತಿಗೆ. "ಕಪ್ಪು ಸಿಂಕಲ್ಲಿ ನೀರಿನ ಕಲೆ ಬೆಳ್ಳಗೆ ಎದ್ದು ಕಾಣುತ್ತೆ."

"ಒರೆಸ್ತೀನಿ."

"ಗಾಜಿನ ಲೋಟ ಕೈಜಾರಿದ್ರೆ ಪುಡಿಪುಡಿ."

"ನಿಮ್ಮ ಕೈಗೆ ಕೊಟ್ರೆ ತಾನೇ?"

"ಬಿಸಿ ಪಾತ್ರೆ ಇಟ್ರೆ..."

"ತಡ್ಕೊಳ್ಳುತ್ತೆ ಅಂಕಲ್," ಎಂದಳು ಹುಡುಗಿ.

"ನೀನು ಸ್ವಲ್ಪ ಸುಮ್ನಿರಮ್ಮ."

ಟೀಚರು ಗಂಡನ ಮುಖವನ್ನು ನೋಡಿದಳು. ಹೋಂವರ್ಕ್ ಮಾಡದವನು ಹೊಟ್ಟೆನೋವು ಎನ್ನುವಾಗ ನೋಡುವ ನೋಟ. ಬೇರೆ ಬಣ್ಣ ಏನಿದೆ ನೋಡಿ ಬಾ ಎಂದು ಹುಡುಗಿಯನ್ನು ಆಚೆ ಕಳಿಸಿದಳು.

"ಹ್ಞೂಂ, ಈಗ ಹೇಳಿ. ಮನೆ ಗೋಡೆಯ ಕಲೆ ಕಾಣದೋರಿಗೆ ಸಿಂಕಿನ ಕಲೆ ಯಾವಾಗಿಂದ ಕಾಣೋಕೆ ಶುರುವಾಯ್ತು?"

ಅವನು ತಟ್ಟೆಯನ್ನು ಚೀಲಕ್ಕೆ ತುರುಕಿದ. "ಸದ್ದೇ ಇಲ್ಲ ಅಂದ್ರೆ ನನಗೆ ಹೇಗೆ ಗೊತ್ತಾಗಬೇಕು?"

"ಏನು?"

"ನೀನು ಹೇಗಿದ್ದೀಯ ಅಂತ."

ಅವಳಿಗೆ ನಗು ಬಂತು. ತಡೆಯಲು ನೋಡಿ ಸೋತು, ಸ್ಟೀಲ್ ಸಿಂಕಿನ ಅಂಚು ಹಿಡಿದುಕೊಂಡೇ ನಕ್ಕಳು.

"ಮುಚ್ಚಳ ಬಿದ್ರೆ ಮನೆಗೆ ಹಣ್ಣು ಬರುತ್ತೆ ಅನ್ನೋದು ನನಗೆ ಗೊತ್ತಿಲ್ವಾ? ಹಣ್ಣು ತಿನ್ನೋ ಆಸೆಯಾದಾಗೆಲ್ಲ ಬೀಳಿಸಿದೀನಿ, ದಡ್ಡಪ್ಪ!"

ತಾನು ಕತ್ತಲಾದ ಮೇಲೆ, ಪಶ್ಚಾತ್ತಾಪದಿಂದ ಕುಗ್ಗಿ, ಮುಚ್ಚುತ್ತಿದ್ದ ಅಂಗಡಿಗಳ ಬಾಗಿಲು ತಟ್ಟಿ ತಂದ ಮಾವಿನಹಣ್ಣುಗಳೆಲ್ಲ ಅವನ ಕಣ್ಣೆದುರು ಸಾಲಾಗಿ ಬಂದು ನಿಂತವು.

ನಗು ಇಳಿದ ಮೇಲೆ ಅವಳು ಮೆಲ್ಲಗೆ ಹೇಳಿದಳು. "ನಿಮ್ಮ ಕಿವಿಗೇ ಹೇಳಿ ಹೇಳಿ ಸಾಕಾಗಿದೆ ಕಣ್ರೀ. ನೀವಾಗಿ ಬಾಯಿಬಿಟ್ಟು ಕೇಳಿ ಒಂದ್ಸಲ."

ಕಪ್ಪು ಸಿಂಕೇ ಬಂತು.

ಮೊದಲ ಕೆಲವು ಸಂಜೆ ಅವನು ಹಾಲ್‌ನಲ್ಲಿ, ರೇಡಿಯೊ ಕೆಟ್ಟ ಮನೆಯ ಮುದುಕನಂತೆ, ಕುರ್ಚಿಯ ತುದಿಗೆ ಕೂತು ಕಿವಿ ನಿಮಿರಿಸಿದ. ಕೇಳಲು ಏನೂ ಇರಲಿಲ್ಲ. ಎದ್ದುಹೋಗಿ ಇಣುಕಿದರೆ ಅವಳ ಬೆನ್ನು ಕಾಣುತ್ತಿತ್ತು. ಬೆನ್ನನ್ನು ಓದುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ. ಬಾಟಲಿಯಲ್ಲಿ ನೀರಿದ್ದರೂ ನೀರು ಕೇಳಿ, ಕುಡಿದು, ವಾಪಸು ಬರುತ್ತಿದ್ದ.

ಒಂದು ಸಂಜೆ ಹಾಗೆ ವಾಪಸು ಬರಲಿಲ್ಲ. ಬಾಗಿಲ ಬಳಿಯೇ ನಿಂತು ಗಂಟಲು ಸರಿಮಾಡಿಕೊಂಡ.

"ಏನಾಯ್ತು?"

ಚಳಿಗೆ ನಿಂತುಹೋದ ಗಾಡಿ ಕೆಮ್ಮಿ ಶುರುವಾದಂತಿತ್ತು ದನಿ. ಅವಳು ತಿರುಗಲಿಲ್ಲ.

"ಏನೂ ಆಗಿಲ್ಲ."

ಅವನು ಬಾಗಿಲಲ್ಲೇ ನಿಂತಿರುವುದು ಗೊತ್ತಾಗಿ ಅವಳು ನಲ್ಲಿ ನಿಲ್ಲಿಸಿದಳು.

"ಒಂದನೇ ಕ್ಲಾಸಿಗೆ ಹೊಸದಾಗಿ ಒಬ್ಬ ಸೇರಿದಾನೆ. ಇವತ್ತು ಸ್ಲೇಟು ತೋರಿಸೋಕೆ ಬಂದೋನು ಮಿಸ್ ಅನ್ನೋ ಬದಲು ‘ಅಮ್ಮಾ’ ಅಂದುಬಿಟ್ಟ ಕಣ್ರೀ. ಎಲ್ಲಾ ಘೊಳ್ಳಂತ ನಕ್ಕರು. ಪಾಪ, ಕಿವಿಯೆಲ್ಲ ಕೆಂಪಾಗೋಯ್ತು ಅವನಿಗೆ."

ಇದಕ್ಕೆ ಯಾವ ಪಾತ್ರೆ ಬೀಳುತ್ತಿತ್ತೋ ಅವನಿಗೆ ಹೊಳೆಯಲಿಲ್ಲ. ಕೋಪವಲ್ಲ, ದುಃಖವೆಂದೂ ಹೇಳುವಂತಿಲ್ಲ.

"ನೀನೇನು ಮಾಡಿದೆ?"

"ನಾನಾ?" ಅವಳು ಈಗ ಪೂರ್ತಿ ಅವನ ಕಡೆ ತಿರುಗಿದಳು. "ಕೇಳಿಸ್ಲೇ ಇಲ್ಲ ಅನ್ನೋ ಹಾಗೆ ಇನ್ನೊಂದ್ಸಲ ಹೇಳು ಅಂದೆ."

"ಹೇಳಿದ್ನಾ?"

"ಅದನ್ನೇ ಹೇಳ್ತಿದೀನಿ, ತಾಳಿ," ಎಂದು ಅವಳು ಕಟ್ಟೆಗೆ ಒರಗಿ ನಿಂತು ಮೊದಲಿನಿಂದ ಶುರುಮಾಡಿದಳು, ಹುಡುಗನಂತೆ ಕತ್ತು ಓರೆ ಮಾಡಿ ತೋರಿಸುತ್ತ. ಅವನು ಬಾಗಿಲು ಬಿಟ್ಟು ಒಳಗೆ ಬಂದ. ಅವಳ ಮೊಣಕೈವರೆಗಿದ್ದ ಸೋಪಿನ ನೊರೆ ಗುಳ್ಳೆ ಗುಳ್ಳೆಯಾಗಿ ಒಡೆಯುತ್ತ, ಹಾಗೇ ಒಣಗತೊಡಗಿತು.