ಪಕ್ಕದ ಮನೆಯಲ್ಲಿಟ್ಟ ಶಾಲು

ಬಾಗಿಲು ಬಡಿದದ್ದೇ ತಡ, ಅಪ್ಪ ಎದ್ದು ಟಿವಿಯ ಪ್ಲಗ್ಗು ಕಿತ್ತ. ಟಿವಿಯನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು, ಚಾಪೆಯ ಮೇಲೆ ಮಲಗಿಸಿದ್ದ ಅಮ್ಮನ ಕಾಲುಗಳನ್ನು ಸುತ್ತುಹಾಕಿ, ಹಿಂಬಾಗಿಲ ಕಡೆ ಹೊರಟ.

"ಅಪ್ಪಾ, ಇಡು ಅದನ್ನ," ಎಂದಳು ಹಿರಿಯ ಮಗಳು. "ಸಾವಿನ ಮನೆಗೆ ಜನ ಬರ್ತಾರೆ, ಬಾಗಿಲು ಬಡೀತಾರೆ. ಎಲ್ಲಿಗೆ ಅಂತ ಹೊತ್ಕೊಂಡು ಹೋಗ್ತೀಯ?"

ಅಪ್ಪ ನಿಂತ. ಕೈಯಲ್ಲಿದ್ದದ್ದನ್ನು ಒಮ್ಮೆ ನೋಡಿ, ಮೊದಲಿದ್ದ ಜಾಗದಲ್ಲೇ ಇಟ್ಟ. ವೈರು ಮಾತ್ರ ಕೈಯಲ್ಲೇ ಉಳಿಯಿತು.

ಬಂದವರು ಆಸ್ಪತ್ರೆಯ ಲಾಂಡ್ರಿಯಲ್ಲಿ ಅಮ್ಮನ ಜೊತೆ ದುಡಿಯುತ್ತಿದ್ದ ಇಬ್ಬರು. ದಪ್ಪನೆಯವಳು ಬಾಗಿಲಲ್ಲೇ ಅತ್ತಳು. ಕಿರಿಯ ಮಗಳು ಶಾಲೆಯ ಯೂನಿಫಾರ್ಮಿನಲ್ಲೇ ಗೋಡೆಗೊರಗಿ ಕೂತಿದ್ದಳು. ತೆಳ್ಳನೆಯವಳು ಅವಳ ತಲೆ ಸವರಿ ಅಮ್ಮನ ಪಕ್ಕ ಕುಳಿತಳು.

"ಶೀಟು ಮಡಚೋಕೆ ಇಬ್ಬರು ಬೇಕು ಕಣಮ್ಮ," ಎಂದಳು ಹಿರಿಯ ಮಗಳಿಗೆ. "ಆ ಕಡೆ ನಿಮ್ಮಮ್ಮ, ಈ ಕಡೆ ನಾನು. ಮುಖ ನೋಡ್ಬೇಕಾಗೇ ಇರ್ಲಿಲ್ಲ, ಅವಳು ಎಳೆದ್ರೆ ನನಗೆ ಗೊತ್ತಾಗೋದು. ನಾಳೆ ಆ ಕಡೆ ಯಾರು ಹಿಡೀತಾರೋ."

"ಉಗಿಬಂಡಿ ಅಂತಿದ್ವಿ ನಾವು," ದಪ್ಪನೆಯವಳು ಕಣ್ಣೊರೆಸಿಕೊಂಡು ನಕ್ಕಳು. "ಇಸ್ತ್ರಿ ಮೆಷೀನು ಬಿಟ್ಟು ಚಳೀಲಿ ಹೊರಗೆ ಬಂದ್ರೆ ತಲೆ ಮೇಲಿಂದ ಹಬೆ ಏಳೋದು. ಆಮೇಲೆ ಆ ನೇರಳೆ ಶಾಲು ಹೊದ್ದು ನಡೆದ್ಲು ಅಂದ್ರೆ, ಆಹಾ, ಯಾವ ಮಹಾರಾಣಿಗೆ ಕಡಿಮೆ! ಎಲ್ಲಿ ಅದು? ಈ ಮಾಸಿದ ದುಪ್ಪಟಿ ಯಾಕೆ ಹೊದಿಸಿದೀರಾ?"

ಹಿರಿಯವಳು ಅಪ್ಪನ ಮುಖ ನೋಡಿದಳು.

"ಪಕ್ಕದ ಮನೆ ಟೈಲರ್ ಅಕ್ಕನ ಹತ್ರ ಇದೆ, ತರ್ತೀನಿ. ಅಮ್ಮ ಅದರಲ್ಲೇ ಹೋಗ್ಬೇಕು."

"ಸರ್ಕಾರಿ ಸಹಾಯದ ಮೇಡಂ ಬರ್ತಾರೆ," ಅಪ್ಪ ಪಿಸುಗುಟ್ಟಿದ. "ಫೋನು ಮಾಡಿದ್ರು. ಬಂದು ಹೋಗ್ಲಿ, ಆಮೇಲೆ ತಗೊಂಡು ಬಾ."

"ಅಮ್ಮನ್ನ ಒಯ್ಯೋ ಗಾಡಿ ಮೊದಲು ಬಂದ್ರೆ?"

"ನಿಮ್ಮಮ್ಮನ ಸಂಬಳ ನಿಂತುಹೋಯ್ತು. ಇನ್ನು ಸಹಾಯ ಎಷ್ಟು ಅಂತ ಎಲ್ಲಾ ಹೊಸದಾಗಿ ನೋಡ್ತಾರಂತೆ, ಮನೆಗೆ ಬಂದು. ಚಿಕ್ಕವಳ ಓದು ಅದರಲ್ಲೇ ನಡೀಬೇಕು. ನಾನೊಬ್ಬ ವಾಚ್‌ಮನ್ನು ಎಷ್ಟು ಅಂತ ತರ್ಲಿ, ಹೇಳು."

ಹಿರಿಯವಳು ಅಮ್ಮನ ದುಪ್ಪಟಿಯ ಅಂಚು ಸರಿಮಾಡಿದಳು. ಅಳು ಬರಬೇಕಾದ ಜಾಗದಲ್ಲಿ ಬೆಳಗಿನಿಂದ ಏನೂ ಇರಲಿಲ್ಲ. ಕೂತು ಕೂತು ಜೋಮು ಹಿಡಿದ ಕಾಲಿನ ಹಾಗೆ.

*

ಇಬ್ಬರ ದುಡಿಮೆಯೂ ಮನೆಗೆ ಸಾಲದೆ ಸರ್ಕಾರದ ಸಹಾಯ ಬರತೊಡಗಿದಾಗ ಹಿರಿಯವಳಿಗೆ ಇನ್ನೂ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ. ಸಹಾಯದ ಜೊತೆಗೆ ಮನೆ ನೋಡಲು ಮೇಡಂ ಕೂಡ ಬರುತ್ತಿದ್ದರು, ಹೇಳದೆ ಕೇಳದೆ. ಒಳ್ಳೆಯ ಸಾಮಾನು ಕಣ್ಣಿಗೆ ಬಿದ್ದರೆ ಸಹಾಯ ನಿಲ್ಲುತ್ತದೆಂದು ಯಾರೂ ಅವರಿಗೆ ಹೇಳಿರಲಿಲ್ಲ. ನಿಲ್ಲುವುದಿಲ್ಲವೆಂದೂ ಹೇಳಿರಲಿಲ್ಲ. ಕೇಳೋಣವೆಂದರೆ ಕೇಳಿದ್ದೇ ಅನುಮಾನಕ್ಕೆ ದಾರಿಯಾದೀತು ಎಂದು ಅಮ್ಮ ಸುಮ್ಮನಿದ್ದಳು.

ಹಾಗಾಗಿ ಬಾಗಿಲು ಬಡಿದರೆ ಅಪ್ಪ ಟಿವಿ ಎತ್ತುತ್ತಿದ್ದ. ಹಿರಿಯವಳು ಮಿಕ್ಸಿ ಎತ್ತುತ್ತಿದ್ದಳು. ಎಲ್ಲವೂ ಹಿಂಬಾಗಿಲಿನಿಂದ ಪಕ್ಕದ ಮನೆಯ ಟೈಲರ್ ಅಕ್ಕನಲ್ಲಿಗೆ. "ನಿಮ್ಮ ದಯೆಯಿಂದ ನಾನು ಶ್ರೀಮಂತಳಾದೆ ಕಣ್ರೇ," ಎಂದು ಅಕ್ಕ ನಗುತ್ತಿದ್ದಳು.

ಶಾಲು ಮಾತ್ರ ಮನೆಯ ಹೊಸಿಲು ದಾಟಿ ಒಳಗೆ ಬರಲೇ ಇಲ್ಲ. ಅಮ್ಮ ತನಗೆಂದು ಕೊಂಡ ವಸ್ತು ಅದೊಂದೇ. ಕೆಲಸ ಮುಗಿಸಿ ಅದನ್ನು ಹೊದ್ದು ಬರುವಳು. ಅಕ್ಕನ ಬಾಗಿಲಲ್ಲಿ ತೆಗೆದು, ಮಡಿಸಿ, ಕೊಟ್ಟು, ಉಳಿದ ನಾಲ್ಕು ಹೆಜ್ಜೆ ನಡುಗುತ್ತಾ ಬರುವಳು.

ಹಾಗೆ ನಡುಗುತ್ತಾ ಬಂದ ಒಂದು ದಿನ ಮನೆಯಲ್ಲಿ ಮೇಡಂ ಕುಳಿತಿದ್ದರು. ಮುಂದಿನ ಸಲ ಬರುವಾಗ ತಮ್ಮದೇ ಹಳೆಯ ಸ್ವೆಟರು ತಂದರು. ಬೂದು ಬಣ್ಣದ್ದು, ಮೊಣಕೈಯಲ್ಲಿ ಸವೆದದ್ದು. ಅಮ್ಮ ಕೈಮುಗಿದು ಇಸಿದುಕೊಂಡಳು. ಅಂದಿನಿಂದ ಮೇಡಂ ಬಂದಾಗಲೆಲ್ಲ, ಸುಡು ಬೇಸಿಗೆಯಲ್ಲೂ, ಅದನ್ನು ತೊಟ್ಟೇ ಎದುರು ಬರುತ್ತಿದ್ದಳು. ಅವರು ಹೋದ ಮೇಲೆ ಕಳಚಿ ಬಾಗಿಲ ಹಿಂದಿನ ಮೊಳೆಗೆ ಸಿಕ್ಕಿಸಿ, "ಸದ್ಯ," ಎನ್ನುತ್ತಿದ್ದಳು.

*

ಗಾಡಿ ಬರುವ ಮೊದಲು ಮೇಡಂ ಬಂದರು. ಕೈಯಲ್ಲಿ ಚೀಲವಾಗಲಿ ಕಾಗದವಾಗಲಿ ಇರಲಿಲ್ಲ. ಚಪ್ಪಲಿ ಬಿಟ್ಟು ಎಲ್ಲರಂತೆ ನೆಲದ ಮೇಲೇ ಕುಳಿತರು. ಕಣ್ಣು ನಿಜವಾಗಿಯೂ ಕೆಂಪಗಿತ್ತು.

ಟಿವಿಯ ಮೇಲೆ ಅವರ ದೃಷ್ಟಿ ಬಿತ್ತು. ಅಪ್ಪ ಎದ್ದು ನಿಂತ.

"ಪಕ್ಕದ ಮನೇದು, ಮೇಡಂ."

"ನಿಮ್ಮದೇ ಆದ್ರೂ ಏನೀಗ?" ಎಂದರು ಮೇಡಂ. "ಅದನ್ನೆಲ್ಲ ನಾವು ನೋಡೋದೇ ಇಲ್ಲ. ಇವತ್ತು ಯಾಕೆ ಆ ಮಾತು, ಕೂತ್ಕೊಳ್ಳಿ."

ಅಪ್ಪ ಕೂರಲಿಲ್ಲ. "ಇಲ್ಲ ಮೇಡಂ, ಅವರದ್ದೇ," ಎಂದ ಮತ್ತೆ.

ಅದೇ ಹೊತ್ತಿಗೆ ಟೈಲರ್ ಅಕ್ಕ ಹಿಂಬಾಗಿಲಿನಿಂದ ಬಂದಳು, ಕಂಕುಳಲ್ಲಿ ಶಾಲು.

"ಹಾಂ, ಬಂತು ನೋಡಿ ನಮ್ಮ ಮಹಾರಾಣಿಯ..." ದಪ್ಪನೆಯವಳು ಶುರುಮಾಡಿದಳು.

"ನಂದು," ಎಂದಳು ಅಕ್ಕ ಥಟ್ಟನೆ. "ಶಾಲು ನಂದು. ಯಾಕೋ ಚಳಿ ಅನ್ನಿಸ್ತು."

ಹೊರಗೆ ಬಿಸಿಲು ಕಾದಿತ್ತು. ತೆಳ್ಳನೆಯವಳು ದಪ್ಪನೆಯವಳ ತೊಡೆ ಚಿವುಟಿದಳು.

ಮೇಡಂ ಅದ್ಯಾವುದನ್ನೂ ಗಮನಿಸಲಿಲ್ಲ. ಬಾಗಿಲ ಹಿಂದಿನ ಮೊಳೆಯನ್ನು ನೋಡುತ್ತಿದ್ದರು.

"ನಾನು ಕೊಟ್ಟ ಸ್ವೆಟರು ಅಲ್ವಾ ಅದು! ನಾನು ಬಂದಾಗೆಲ್ಲ ಅದರಲ್ಲೇ ಇರೋರು. ಎಷ್ಟು ಇಷ್ಟ ಇತ್ತೋ ಏನೋ." ಅವರು ಅಪ್ಪನ ಕಡೆ ತಿರುಗಿದರು. "ತಪ್ಪು ತಿಳೀಬೇಡಿ. ಅದನ್ನೇ ಹಾಕಿ ಕಳಿಸ್ತೀರಾ?"

ಅಪ್ಪ ಆಗಲೇ ಮೊಳೆಯಿಂದ ಸ್ವೆಟರು ತೆಗೆದಿದ್ದ. ಅದನ್ನು ಹಿರಿಯವಳತ್ತ ಚಾಚಿದ.

ಅವಳು ಗೋಡೆಗೊರಗಿದ್ದ ತಂಗಿಯನ್ನು ನೋಡಿದಳು. ಆಮೇಲೆ ಕೈ ನೀಡಿ ಸ್ವೆಟರು ತೆಗೆದುಕೊಂಡಳು.

"ಎಲ್ಲರೂ ಸ್ವಲ್ಪ ಹೊರಗಿರಿ," ಎಂದಳು. "ಅಕ್ಕಾ, ನೀವು ಇರಿ. ನನ್ನೊಬ್ಬಳಿಂದ ಆಗಲ್ಲ."

ಬಾಗಿಲು ಮುಚ್ಚಿತು. ಅಕ್ಕ ಅಮ್ಮನ ಭುಜ ಎತ್ತಿ ಹಿಡಿದಳು. ಹಿರಿಯವಳು ಕೈಚಾಚಿದಾಗ ಅವಳು ಏನು ಕೇಳುತ್ತಿದ್ದಾಳೆಂದು ಅಕ್ಕನಿಗೆ ಅರ್ಥವಾಯಿತು; ಕಂಕುಳಿನಿಂದ ಶಾಲು ತೆಗೆದು ಕೊಟ್ಟಳು. ಇಬ್ಬರೂ ಅದನ್ನು ಅಮ್ಮನ ಬೆನ್ನಿನಿಂದ ಎದೆಗೆ ಬಿಗಿಯಾಗಿ ಸುತ್ತಿದರು. ಅದರ ಮೇಲೆ ಸ್ವೆಟರು ತೊಡಿಸಿದರು. ತೋಳು ತೂರಿಸುವುದು ಕಷ್ಟವಾಯಿತು. ಗುಂಡಿ ಸೇರುತ್ತಿರಲಿಲ್ಲ. ಟೈಲರ್ ಅಕ್ಕ ಎರಡೂ ಅಂಚು ಎಳೆದು ಹಿಡಿದಳು, ಹಿರಿಯವಳು ಒಂದೊಂದಾಗಿ ಹಾಕಿದಳು.

"ಉಸಿರು ಕಟ್ಟುತ್ತೆ ಕಣೇ," ಎಂದುಬಿಟ್ಟಳು ಅಕ್ಕ.

ಬಾಗಿಲು ತೆರೆದಾಗ ಗಾಡಿ ಬಂದು ನಿಂತಿತ್ತು. ಮೇಡಂ ಮುಂದೆ ಬಂದು ಬಹಳ ಹೊತ್ತು ನೋಡಿದರು.

"ಎಷ್ಟು ಸೊರಗಿದ್ರು ಪಾಪ," ಎಂದರು. "ಈಗ ಸ್ವಲ್ಪ ಮೈಕೈ ತುಂಬಿಕೊಂಡ ಹಾಗೆ ಕಾಣ್ತಾರೆ, ಅಲ್ವಾ?"

"ಹೌದು ಮೇಡಂ," ಎಂದ ಅಪ್ಪ.

ಅವನು ಅಮ್ಮನ ತಲೆಯ ಬಳಿ ಬಗ್ಗಿದ. ಕತ್ತಿನ ಹತ್ತಿರ ನೇರಳೆಯ ಸಣ್ಣ ಅಂಚೊಂದು ಹೊರಗೆ ಇಣುಕುತ್ತಿತ್ತು. ಎಲ್ಲರಿಗೂ ಬೆನ್ನು ಅಡ್ಡಮಾಡಿ, ಒಂದೇ ಬೆರಳಿನಿಂದ ಅದನ್ನು ಮೆಲ್ಲಗೆ ಸ್ವೆಟರಿನೊಳಕ್ಕೆ ತಳ್ಳಿದ.